ಗೊಬ್ಬರಗುಂಡಿಯಲ್ಲಿ ನೂರಾ ಏಳು

ಮೊಬೈಲ್ ಫೋನಿನ ಹೊಟ್ಟೆಯೊಳಗೆ ಅದನ್ನು ತಯಾರಿಸಿದವರು ಯಾರಿಗೂ ಹೇಳದೆ ಬಚ್ಚಿಟ್ಟ ಕೆಲವು ಪುಟಗಳಿರುತ್ತವೆ ಎಂಬ ಸಂಗತಿ ನಮ್ಮ ಎಕ್ಕಂಬಿ ಕಡೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಇದನ್ನು ಈಗ ಹೆಮ್ಮೆಯಿಂದ ಹೇಳುತ್ತಿಲ್ಲ. ಆಗ ಹೆಮ್ಮೆಯಿಂದಲೇ ಹೇಳಿದ್ದೆ. ಹೇಳಬಾರದವರಿಗೆಲ್ಲ ಹೇಳಿದ್ದೆ!

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ನಕಾಶೆ ಎಂದರೆ ಪ್ರಾಣ. ಯಾವ ಊರು ಎಲ್ಲಿದೆ, ಯಾವ ನದಿ ಎಲ್ಲಿ ಸೇರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಗಣಿತದ ಜೊತೆಗೆ ಮಾತ್ರ ನನ್ನ ಸಂಬಂಧ ಎಸ್ಸೆಸ್ಸೆಲ್ಸಿಯಲ್ಲೇ ಮುಗಿದಿತ್ತು. ಅದಕ್ಕೂ ನನಗೂ ಜಗಳವೇನಿಲ್ಲ. ಎದುರಿಗೆ ಸಿಕ್ಕರೆ ನಕ್ಕು ಮುಂದೆ ಹೋಗುತ್ತಿದ್ದೆವು.

ಮೊಬೈಲ್ ಎಂದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಫೋನ್ ಎಂದು ಪೇಟೆಯವರು ತಿಳಿದಿದ್ದ ಕಾಲ ಅದು. ನಮ್ಮ ಕೇರಿಯಲ್ಲಿ ಹಾಗಿರಲಿಲ್ಲ. ರೇಂಜ್ ಎಲ್ಲಿ ಸಿಗುತ್ತದೋ ಅಲ್ಲಿ ಅದನ್ನು ನೇತುಹಾಕಬೇಕು. ಅದು ಕೂಗಿದಾಗ ಮನೆಯವರು ಇದ್ದ ಕೆಲಸ ಬಿಟ್ಟು ಓಡಬೇಕು. ಫೋನ್ ಇದ್ದಲ್ಲೇ ಇರುತ್ತಿತ್ತು, ಓಡಾಡುತ್ತಿದ್ದವರು ನಾವು. ಪಕ್ಕದ ಮನೆಯ ಸುಬ್ರಾಯ ಭಾವ ತನ್ನ ಫೋನನ್ನು ಹಲಸಿನ ಮರದ ಟೊಂಗೆಗೆ ಕಟ್ಟಿದ್ದ. ನಮ್ಮ ಮನೆಯಲ್ಲಿ ಅಂಗಳದ ಬಟ್ಟೆ ತಂತಿ. ನನ್ನ ಹೆಂಡತಿ ಶಾರದೆ ಹಳೇ ರವಿಕೆ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದು, ಅದರಲ್ಲಿ ಫೋನಿಟ್ಟು, ನನ್ನ ಪಂಚೆಗೂ ಟವೆಲಿಗೂ ನಡುವೆ ಕ್ಲಿಪ್ ಹಾಕಿ ಸಿಕ್ಕಿಸಿದ್ದಳು. ಅಲ್ಲಿ ಕರೆ ಬರುತ್ತಿತ್ತು. ನಡುನಡುವೆ ಎರಡು ಮಾತು ನುಂಗುತ್ತಿತ್ತು, ಒಮ್ಮೊಮ್ಮೆ ಕಟ್ಟೂ ಆಗುತ್ತಿತ್ತು. ಮನೆಯ ಹಳೇ ಲ್ಯಾಂಡ್‌ಲೈನನ್ನು ‘ಇನ್ನು ಇದೆಂತಕ್ಕೆ’ ಎಂದು ನಾನೇ ಮುಂದೆ ನಿಂತು ವಾಪಸು ಮಾಡಿಸಿದ್ದರಿಂದ ಈ ಬಗ್ಗೆ ಯಾರಲ್ಲೂ ದೂರುವಂತಿರಲಿಲ್ಲ.

ಹೀಗಿರುವಾಗ ಆ ವರ್ಷ ಹೊಳೆ ಬದಿಯ ಅಪ್ಪೆ ಮಾವಿನ ಮರ ಕಾಯಿ ಬಿಟ್ಟಿತು.

ಇದರ ಮಹತ್ವ ತಿಳಿಯಬೇಕಾದರೆ ಶಾರದೆಯ ತವರು ದೊಡ್ಮನೆ ಎಂದು ಹೇಳಬೇಕು. ಅಲ್ಲಿ ಹೊಳೆಯ ದಂಡೆಯಲ್ಲಿ ಒಂದು ಮಾವಿನ ಮರವಿದೆ. ಅದರ ಮಿಡಿಯ ಉಪ್ಪಿನಕಾಯಿ ತಿಂದು ಬೆಳೆದವಳು ಅವಳು. ಬೇರೆ ಯಾವ ಮರದ ಮಿಡಿ ಕೊಟ್ಟರೂ ಮೂಸಿ ನೋಡಿ, "ಅಡ್ಡಿಲ್ಲೆ," ಎನ್ನುತ್ತಾಳೆ. ಅಡ್ಡಿಲ್ಲೆ ಎಂದರೆ ನಮ್ಮಲ್ಲಿ ನಪಾಸು. ಆ ಮರವೋ ದೊಡ್ಡ ಸಿಡುಕಿನದು. ಮನಸ್ಸು ಬಂದ ವರ್ಷ ಬಿಡುತ್ತದೆ, ಇಲ್ಲದಿದ್ದರೆ ಬರೀ ಎಲೆ ತೋರಿಸುತ್ತದೆ. ಕೆಲವು ವರ್ಷಗಳಿಂದ ಎಲೆಯನ್ನೇ ತೋರಿಸುತ್ತಿತ್ತು. ನಮ್ಮ ದೊಡ್ಡ ಭರಣಿ ಅಷ್ಟೂ ವರ್ಷ ಅಟ್ಟದ ಮೇಲೆ ಬಾಯಿ ಕೆಳಗೆ ಮಾಡಿ ಕೂತಿತ್ತು.

ಮರದ ಗುತ್ತಿಗೆ ಹಿಡಿದವನು ಯಲ್ಲಾಪುರದ ಇಮಾಮ್‌ಸಾಬ. ಸ್ವಂತ ಗಾಡಿ ಇಟ್ಟುಕೊಂಡು ಮಿಡಿಯನ್ನು ಹುಬ್ಬಳ್ಳಿಗೆ ಸಾಗಿಸುತ್ತಿದ್ದ. ಶಿರಸಿ ಪೇಟೆಯಲ್ಲಿ ಸಿಕ್ಕಾಗ ಶಾರದೆ ಅವನನ್ನು ಹಿಡಿದು ನಿಲ್ಲಿಸಿದಳು.

"ಅಕ್ಕಾರ, ಗಿಡದಾಗ ಈ ಸಲ ಎಲಿಗಿಂತ ಮಿಡಿ ಜಾಸ್ತಿ ಅದಾವ್ರಿ," ಎಂದ ಅವನು. "ಇಳಿಸಿದ ದಿನ ಹುಬ್ಬಳ್ಳಿಗೆ ಹೋಗೋವಾಗ ಎಕ್ಕಂಬಿ ಕ್ರಾಸಿನಾಗ ಗಾಡಿ ನಿಲ್ಲಿಸಿ ಫೋನ್ ಹಚ್ತೀನಿ. ಸರ್ ಬಂದು ಒಯ್ಯಲಿ. ಆದ್ರ ಫೋನ್ ಹತ್ತಬೇಕ್ರಿ. ಮಿಡಿ ಬಾಡ್ತಾವು, ಭಾಳ ಹೊತ್ತು ನಿಲ್ಲಾಕ ಆಗಂಗಿಲ್ಲ."

ಬಸ್ಸಿನಲ್ಲಿ ಬರುವಾಗ ಶಾರದೆ ನನ್ನ ಕಡೆ ತಿರುಗಿದಳು. "ಫೋನು ಆ ದಿನ ಒಂದು ಕಟ್ ಆಗದ್ದೆ ಇದ್ರೆ ಸಾಕು. ಯಂಗೆ ಮತ್ತೆಂತದೂ ಬ್ಯಾಡ."

"ಅದು ಯನ್ನ ಜವಾಬ್ದಾರಿ," ಎಂದೆ.

ಈ ಮಾತನ್ನು ಆಡದೆ ಸುಮ್ಮನೆ ಕಿಟಕಿಯ ಹೊರಗೆ ನೋಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಜವಾಬ್ದಾರಿ ಹೊತ್ತವನು ಸುಮ್ಮನೆ ಕೂರುವುದುಂಟೆ? ಮರುದಿನವೇ ಶಿರಸಿಯಲ್ಲಿ ಮೊಬೈಲ್ ರಿಪೇರಿ ಮಾಡುವ ನಜೀರನ ಅಂಗಡಿಗೆ ಹೋದೆ. ರೇಂಜನ್ನು ಸರಿಯಾಗಿ ಅಳೆಯುವ ಉಪಾಯವಿದೆಯೇ ಎಂದು ಕೇಳಿದೆ. ಅವನು ಅತ್ತಿತ್ತ ನೋಡಿ, ಫೋನಿನೊಳಗೆ ಅಡಗಿದ ಪುಟಗಳ ವಿಚಾರ ಹೇಳಿದ. ಕೇಬಲ್ ಚುಚ್ಚಿ ಅವನ್ನು ತೆರೆಯಬಹುದಂತೆ.

"ಆದ್ರೆ ಸರ್, ಅದು ಕಂಪನಿ ಎಂಜಿನಿಯರ್‌ಗಳು ನೋಡೋದು. ಅದ್ರಲ್ಲಿ ಏನೇನು ಬರ್ತದೆ ಅಂತ ನಂಗೂ ತಿಳಿಯೋದಿಲ್ಲ."

"ನೀನು ತೆರೆದು ಕೊಡು. ಓದೋದು ನಂಗೆ ಬಿಡು," ಎಂದೆ, ಪರೀಕ್ಷೆಯ ಮೇಲ್ವಿಚಾರಕನ ಗತ್ತಿನಲ್ಲಿ.

ಅವನು ತೆರೆದು ಕೊಟ್ಟ. ನಾನು ನೋಡಿದೆ. ಪುಟ್ಟ ಪರದೆಯ ತುಂಬ ಅಂಕೆಗಳು! ಒಂದು ಸಾಲು, ಅದರ ಕೆಳಗೆ ಇನ್ನೊಂದು ಸಾಲು, ನಡುವೆ ಅಲ್ಲಲ್ಲಿ ಇಂಗ್ಲಿಷ್ ಅಕ್ಷರ. ಗುಂಡಿ ಒತ್ತಿದರೆ ಮತ್ತೊಂದು ಪುಟ, ಅದರಲ್ಲಿಯೂ ಅಂಕೆಗಳೇ. ಇದೇನು ಅದೇನು ಎಂದು ಕೇಳಲು ನಜೀರನ ಮುಖ ನೋಡಿದೆ. ಅವನು ಬೇರೆಯವರ ಫೋನು ಬಿಚ್ಚುತ್ತಿದ್ದ. ನಾನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮೊದಲ ಸಾಲಿನ ಒಂದು ಸಂಖ್ಯೆ ಮಾತ್ರ ಬಸ್ಸು ಮುಂದೆ ಹೋದ ಹಾಗೆ ಬದಲಾಗುತ್ತಿತ್ತು. ಅದರ ಎಡಕ್ಕೆ ಮೈನಸ್ ಗುರುತೂ ಇತ್ತು. ರೇಂಜಿನ ಅಳತೆ ಇದೇ ಎಂದು ನನಗೆ ಹೊಳೆಯಿತು. ನಿಜ ಹೇಳಬೇಕೆಂದರೆ ಇಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ. ಮನೆಗೆ ಬಂದು ಬಟ್ಟೆ ತಂತಿಯ ಹತ್ತಿರ ಹಿಡಿದು ನೋಡಿದೆ. ಮೈನಸ್ ಎಂಬತ್ತೊಂಬತ್ತು!

ಸಮಾಜ ಪಾಠದ ಮೇಷ್ಟ್ರಿಗೆ ಮೈನಸ್ ಎಂದರೆ ಒಂದೇ ಅರ್ಥ. ಸಮುದ್ರಮಟ್ಟಕ್ಕಿಂತ ಕೆಳಗೆ! ಮೃತ ಸಮುದ್ರದ ದಂಡೆಯ ಎತ್ತರವನ್ನು ಹಾಗೆಯೇ ಬರೆಯುತ್ತಾರೆ, ಪ್ರತಿ ವರ್ಷ ನಾನೇ ಕಲಿಸುತ್ತೇನೆ. ಅಂದರೆ ನಮ್ಮ ಫೋನು ಇಷ್ಟು ದಿನ ರೇಂಜಿನ ಮಟ್ಟಕ್ಕಿಂತ ಎಂಬತ್ತೊಂಬತ್ತು ಆಳದಲ್ಲಿ ಮುಳುಗಿಕೊಂಡಿತ್ತು. ಮಾತು ನುಂಗದೆ ಇನ್ನೇನು ಮಾಡೀತು ಪಾಪ!

ಕೂಡಲೇ ಸರ್ವೆ ಆರಂಭಿಸಿದೆ. ಶಾಲೆಯಿಂದ ತಂದ ಬಣ್ಣದ ಸೀಮೆಸುಣ್ಣ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ. ಅಂಗಳದ ಮೂಲೆ, ಬಾವಿಕಟ್ಟೆ, ಬಚ್ಚಲ ಗೋಡೆ, ಹೋದಲ್ಲೆಲ್ಲ ಸಂಖ್ಯೆ ಬರೆದೆ. ಎಲ್ಲ ಕಡೆಯೂ ಮೈನಸ್ಸೇ. ಮನೆಯ ಹಿಂದೆ ಇಳಿಜಾರಿನಲ್ಲಿ ಕೊಟ್ಟಿಗೆಯ ಕಡೆ ಇಳಿದಂತೆ ಆಳ ಇನ್ನೂ ಹೆಚ್ಚಾಯಿತು. ಮೈನಸ್ ತೊಂಬತ್ತಾರು, ಮೈನಸ್ ತೊಂಬತ್ತೊಂಬತ್ತು. ಕೈಚೆಲ್ಲಿ ಹಿಂದಿರುಗಬೇಕು, ಅಷ್ಟರಲ್ಲಿ ಕೊಟ್ಟಿಗೆ ದಾಟಿ ಗೊಬ್ಬರಗುಂಡಿಯ ಅಂಚಿಗೆ ಕಾಲಿಟ್ಟೆ. ಮೈನಸ್ ಗುರುತು ಮಾಯ! ಪರದೆಯ ಮೇಲೆ ಶುದ್ಧವಾದ, ಕಳಂಕವಿಲ್ಲದ ನೂರಾ ಏಳು!

ನನಗೆ ಆನಂದಬಾಷ್ಪ ಬಂತು. ಸ್ವಲ್ಪ ಭಾಗ ಗೊಬ್ಬರದ ವಾಸನೆಯಿಂದಲೂ ಇರಬಹುದು. ಸಮುದ್ರದ ಆಳವನ್ನೆಲ್ಲ ದಾಟಿದ ಮೇಲೆ ಆಚೆ ದಡ ಬರಲೇಬೇಕಲ್ಲವೇ? ಆ ದಡ ನಮ್ಮ ಗೊಬ್ಬರಗುಂಡಿಯಾಗಿತ್ತು. ಕುತೂಹಲಕ್ಕೆ ಬಗ್ಗಿ ಫೋನನ್ನು ಗುಂಡಿಯೊಳಗೇ ಇಳಿಸಿ ನೋಡಿದೆ. ಅಂಕೆಗಳೆಲ್ಲ ಹೋಗಿ ಅಲ್ಲಿ ಬರೀ ಗುಣಾಕಾರ ಚಿಹ್ನೆಗಳು ಬಂದವು. ರೇಂಜ್ ಎಷ್ಟು ವಿಪರೀತವಾಗಿದೆಯೆಂದರೆ ಅಳೆಯಲು ಫೋನಿಗೇ ಅಂಕೆ ಸಾಲುತ್ತಿಲ್ಲ ಎಂದು ತೀರ್ಮಾನಿಸಿದೆ. ಅಷ್ಟು ರೇಂಜಿಗೆ ಫೋನು ಸುಟ್ಟುಹೋದರೆ ಕಷ್ಟ, ಅಂಚೇ ಸಾಕು ಎಂದು ವಿವೇಕದಿಂದ ನಡೆದುಕೊಂಡೆ.

ಗುಂಡಿಯ ಪಕ್ಕ ಒಂದು ಗಳ ನೆಟ್ಟು, ರವಿಕೆ ಬಟ್ಟೆಯ ಚೀಲವನ್ನು ಅದರ ತುದಿಗೆ ಕಟ್ಟಿದೆ. ಶಾರದೆ ಬಂದು ನೋಡಿದಳು.

"ಇಲ್ಲಿ ಎಂತಕ್ಕೆ ತಂದ್ರಿ? ತಂತಿ ಮೇಲೆ ಕರೆ ಬತ್ತಿತ್ತಲಿ."

"ಅಲ್ಲಿ ಮೈನಸ್ ಇದ್ದು."

"ಫೋನಿನ ಬದಿಗೆ ಗೆರೆ ಬತ್ತಲ, ಅಲ್ಲಿ ಎರಡು ಗೆರೆ ಇರ್ತಿತ್ತು. ಇಲ್ಲಿ ಒಂದೂ ಕಾಣ್ತಿಲ್ಲೆ."

"ಗೆರೆ ಇಪ್ಪುದು ಏನೂ ತಿಳಿಯದ ಜನಕ್ಕೆ," ಎಂದು ಅವಳಿಗೆ ಸಮುದ್ರಮಟ್ಟದ ವಿಚಾರವನ್ನು ಮೊದಲಿನಿಂದ ವಿವರಿಸಿದೆ. ಅವಳು ಸೆರಗನ್ನು ಮೂಗಿಗೆ ಹಿಡಿದುಕೊಂಡು ಪೂರ್ತಿ ಕೇಳಿದಳು. ಕೊನೆಗೆ, "ಮಿಡಿ ಒಂದು ತಪ್ಪಿಸಡಿ," ಎಂದು ಹೇಳಿ ಒಳಗೆ ಹೋದಳು.

ನಾನೇನು ಪರೀಕ್ಷೆ ಮಾಡದೆ ಇದ್ದವನಲ್ಲ. ಗುಂಡಿಯ ಬಳಿ ನಿಂತು ಇಬ್ಬರು ಮೂವರಿಗೆ ಫೋನ್ ಮಾಡಿದೆ. ಹೋಗಲಿಲ್ಲ. ನಮ್ಮದು ದಡದ ಮೇಲಿದೆ, ಅವರದು ನೀರಿನಡಿ ಇದೆ, ಮಟ್ಟ ಹೊಂದುತ್ತಿಲ್ಲ ಎಂದು ಅರ್ಥವಾಯಿತು. ಅವರ ಬಗ್ಗೆ ಕನಿಕರವೆನಿಸಿತು.

ಸುಬ್ರಾಯ ಭಾವನಿಗೆ ಹೇಳದೆ ಇರಲಾಗಲಿಲ್ಲ. ಅವನೂ ತನ್ನ ಫೋನನ್ನು ಹಲಸಿನ ಮರದಿಂದ ಬಿಚ್ಚಿ ತಂದು ನಮ್ಮ ಗಳಕ್ಕೆ ಕಟ್ಟಿದ. ಎರಡೂ ಫೋನು ಒಂದರ ಪಕ್ಕ ಒಂದು ತೂಗಾಡಿದವು. ಆ ವಾರ ನಮ್ಮ ಕೇರಿ ಬಹಳ ಶಾಂತವಾಗಿತ್ತು. ಒಂದು ಕರೆಯೂ ಬರಲಿಲ್ಲ. "ಕಟ್ ಆಪ್ಪ ಪ್ರಶ್ನೆಯೇ ಇಲ್ಲೆ ನೋಡು," ಎಂದು ನಾನು ಶಾರದೆಗೆ ತೋರಿಸಿದೆ.

ವಾರದ ಕೊನೆಗೆ ಸುಬ್ರಾಯ ಭಾವನ ಮನೆಗೆ ಸಿದ್ದಾಪುರದ ನೆಂಟರು ಗಾಡಿ ತುಂಬ ಬಂದಿಳಿದರು. ಬರುತ್ತೇವೆಂದು ತಿಳಿಸಲು ಎಷ್ಟು ಫೋನ್ ಮಾಡಿದರೂ ಸಿಗಲಿಲ್ಲವಂತೆ. ಮನೆಯವರಿಗೆಂದು ಮಾಡಿದ ಅನ್ನವನ್ನು ನೆಂಟರು ಉಂಡು, ಮನೆಯವರು ಅವಲಕ್ಕಿ ತಿಂದರು. ಸಂಜೆ ಭಾವ ಬಂದು ತನ್ನ ಫೋನನ್ನು ಗಳದಿಂದ ಬಿಚ್ಚಿಕೊಂಡ.

"ನಿನ್ನ ಗುಂಡಿ ರೇಂಜು ದೊಡ್ಡದೇ ಮಾರಾಯ. ಯಂಗಕ್ಕೆ ಹಲಸಿನ ಮರದ ಸಣ್ಣ ರೇಂಜೇ ಸಾಕು."

"ನಿನ್ನ ಫೋನು ಹಳೇದು. ಜಾಸ್ತಿ ರೇಂಜು ತಡಿತಿಲ್ಲೆ," ಎಂದು ಸಮಾಧಾನ ಹೇಳಿ ಕಳಿಸಿದೆ.

ಶನಿವಾರ ಬೆಳಿಗ್ಗೆ ಶಾಲೆಗೆ ಹೊರಡುವಾಗ ಎದುರು ಸಿಕ್ಕ ಬಸ್ ಕಂಡಕ್ಟರು, ದೊಡ್ಮನೆ ಕಡೆ ಮಿಡಿ ಇಳಿಸಲು ಶುರುಮಾಡಿದ್ದಾರೆ ಎಂದ. ತಿರುಗಿ ಮನೆಗೆ ಬಂದು ಶಾರದೆಗೆ ಹೇಳಿದೆ. ಅವಳ ಮುಖ ನೋಡಬೇಕಿತ್ತು! ಭರಣಿ ಅಟ್ಟದಿಂದ ಇಳಿಯಿತು. ತೊಳೆದು ಬಿಸಿಲಿಗಿಟ್ಟಳು. ಹರಳುಪ್ಪು ಹುರಿದಳು, ಆರಿಸಲೆಂದು ಮೊರದಂಥ ಗೆರಸಿಗೆ ಸಾಸಿವೆ ಸುರಿದಳು. ಮಿಡಿ ಬಂದ ದಿನವೇ ಉಪ್ಪಿಗೆ ಹಾಕಬೇಕು, ತೊಟ್ಟು ಮುರಿಯಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಓಡಾಡಿದಳು. ನಾನು ಅವಳಿಗೊಂದು ಮಣೆ ಕೊಟ್ಟು ಗೊಬ್ಬರಗುಂಡಿಯ ಪಕ್ಕ ಕೂರಿಸಿದೆ. ಫೋನ್ ಬಂದರೆ ಅದರ ಹಸಿರು ಗುಂಡಿ ಒತ್ತಿ ಮಾತಾಡು, ನಾನು ಮಧ್ಯಾಹ್ನದೊಳಗೆ ಬರುತ್ತೇನೆ ಎಂದೆ. ಅವಳು ಸಾಸಿವೆಯ ಗೆರಸಿಯನ್ನೂ ಅಲ್ಲಿಗೇ ತಂದುಕೊಂಡಳು.

ಮಧ್ಯಾಹ್ನ ಬಂದಾಗಲೂ ಅಲ್ಲೇ ಕೂತಿದ್ದಳು. ಸಾಸಿವೆ ಆರಿಸಿ ಮುಗಿದು ಎಷ್ಟೋ ಹೊತ್ತಾಗಿತ್ತು.

"ಬಂತಾ?" ಎಂದೆ.

"ಇಲ್ಲೆ."

ನನಗೆ ಮೊದಲ ಬಾರಿಗೆ ಸಣ್ಣ ಅನುಮಾನ ಬಂತು. ನನ್ನ ಬಗ್ಗೆ ಅಲ್ಲ, ಇಮಾಮ್‌ಸಾಬನ ಬಗ್ಗೆ! ಮಾತಿಗೆ ತಪ್ಪಿ ನೇರ ಹುಬ್ಬಳ್ಳಿಗೆ ಹೋದನೋ ಏನೋ. ಗಳದಿಂದ ಚೀಲ ಬಿಚ್ಚಿ, ಫೋನು ಜೇಬಿಗೆ ಹಾಕಿಕೊಂಡು, ಸ್ಕೂಟರು ಹತ್ತಿ ಎಕ್ಕಂಬಿ ಕ್ರಾಸಿಗೆ ಹೊರಟೆ. ನಮ್ಮ ಕೇರಿಯ ಏರು ಹತ್ತುವಷ್ಟರಲ್ಲಿ ಜೇಬು ಕೂಗತೊಡಗಿತು. ನಿಲ್ಲಿಸಿ ನೋಡಿದರೆ ಸಾಲುಸಾಲು ಮೆಸೇಜು. ಇಂಥ ನಂಬರಿನಿಂದ ನಿಮಗೆ ಕರೆ ಬಂದಿತ್ತು, ಸಿಗಲಿಲ್ಲ. ಕರೆ ಬಂದಿತ್ತು, ಸಿಗಲಿಲ್ಲ. ಎಲ್ಲ ಒಂದೇ ನಂಬರು, ಇಮಾಮ್‌ಸಾಬನದು. ಗುಪ್ತ ಪುಟ ತೆರೆದೆ. ಮೈನಸ್ ಎಂಬತ್ತು. ಏನೂ ಅರ್ಥವಾಗಲಿಲ್ಲ. ನೀರಿನಡಿ ಇರುವಾಗ ಇಷ್ಟೊಂದು ಸುದ್ದಿ ಹೇಗೆ ಬಂತು?

ಕ್ರಾಸಿನ ಹತ್ತಿರ ಹೊಸದಾಗಿ ನಿಲ್ಲಿಸಿದ ಟವರ್ ಇದೆ. ಅದರ ಬುಡಕ್ಕೆ ಹೋಗಿ ನಿಂತೆ. ಮೈನಸ್ ಐವತ್ಮೂರು! ಸಾಕ್ಷಾತ್ ಟವರಿನ ಬುಡದಲ್ಲಿಯೂ ಮೈನಸ್! ಟವರೇ ಕೆಟ್ಟಿದೆ ಎಂದುಕೊಂಡೆ. ಅಲ್ಲಿ ಕಾವಲಿಗೆ ಕೂತಿದ್ದವನ ಬಳಿ ಹೋಗಿ, "ನಿಮ್ಮ ಟವರಿನಲ್ಲಿ ರೇಂಜ್ ಇಲ್ಲ. ನಮ್ಮ ಗೊಬ್ಬರಗುಂಡಿಯಲ್ಲಿ ಇದರ ಎರಡು ಪಟ್ಟು ಇದೆ," ಎಂದು ಗಂಭೀರವಾಗಿ ದೂರು ಕೊಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು, ನೆರಳಿಗೆ ಕೂರಲು ಹೇಳಿದ.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಇಮಾಮ್‌ಸಾಬ. ಧ್ವನಿ ಪಕ್ಕದಲ್ಲಿ ನಿಂತು ಮಾತಾಡಿದಷ್ಟು ಸ್ಪಷ್ಟ.

"ಈಗ ಹತ್ತಿತು ನೋಡ್ರಿ ಸರ್! ಮುಂಜಾನಿಂದ ಹಚ್ಚಿ ಹಚ್ಚಿ ಬೆರಳು ನೊಂದಾವು. ವ್ಯಾಪ್ತಿ ಪ್ರದೇಶದ ಹೊರಗ ಅದಾರ ಅಂತ ಒಬ್ಬಾಕಿ ಹೇಳತಾಳ."

"ಇಮಾಮ್‌ಸಾಬ್, ಮೊದಲು ಒಂದು ಮಾತು ಹೇಳು. ಮೈನಸ್ಸಿನಲ್ಲಿ ನಿನ್ನ ಫೋನ್ ಹೇಗೆ ಹತ್ತಿತು?"

"ಎಲ್ಲಿ ಅದೀರಿ ಸರ್? ಮೈನಸ್ಸು ಯಾವ ಊರ್ರಿ?"

ಆಗ ತಲೆಯಲ್ಲಿ ಏನೋ ಕಳಚಿಕೊಂಡಂತಾಯಿತು. ಏರಿನಲ್ಲಿ ಎಂಬತ್ತು, ಟವರಿನ ಬುಡದಲ್ಲಿ ಐವತ್ಮೂರು. ಹತ್ತಿರ ಬಂದಷ್ಟೂ ಸಂಖ್ಯೆ ಸಣ್ಣದು. ಹಾಗಾದರೆ ನೂರಾ ಏಳು? ಆ ಪುಟ್ಟ ಪರದೆಯಲ್ಲಿ ಮೂರು ಅಂಕೆ ಬಂದರೆ ಮೈನಸ್ ಗುರುತಿಗೆ ಜಾಗ ಸಾಲದೆ ಅದನ್ನು ಬಿಟ್ಟುಬಿಡುತ್ತಾರೆ ಎಂದು ನಮ್ಮ ಗಣಿತದ ಮೇಷ್ಟ್ರು ಬಿಡಿಸಿ ಹೇಳಿದ್ದು ಸೋಮವಾರ. ಆದರೆ ಟವರಿನ ಬುಡದಲ್ಲಿ ನಿಂತಾಗಲೇ ನನ್ನ ದಡ ಕುಸಿದು ನೀರಿಗೆ ಬಿದ್ದಿತ್ತು. ಇಡೀ ಅಂಗಳ ಸುತ್ತಿ, ಸೀಮೆಸುಣ್ಣ ಸವೆಸಿ, ರೇಂಜೇ ಇಲ್ಲದ ಜಾಗವನ್ನು ಅಷ್ಟು ಶಾಸ್ತ್ರೀಯವಾಗಿ ಯಾರೂ ಹುಡುಕಿರಲಾರರು.

"ಮಿಡಿ?" ಎಂದೆ.

"ಕಾದೆ ಕಾದೆ, ಕಡೀಕ ನನ್ನ ಹಂತೇಕ ಇದ್ದ ನಿಮ್ಮ ಬಾಜೂಮನಿ ಸುಬ್ರಾಯ ಹೆಗಡೇರ ನಂಬರು ಹಚ್ಚಿದೆ. ಒಂದ ರಿಂಗಿಗೆ ಹತ್ತಿತು. ನಿಮಗಂತ ಇಟ್ಟ ಮಿಡಿ ಅವರು ಬಂದು ರೊಕ್ಕ ಕೊಟ್ಟು ಒಯ್ದ್ರು. ನಾ ಈಗ ಮುಂಡಗೋಡ ದಾಟೀನ್ರಿ. ಇನ್ನ ಉಳದದ್ದು ಹುಬ್ಬಳ್ಳಿ ಗಿರಾಕಿದು."

ಸ್ಕೂಟರನ್ನು ಮನೆಗೆ ಬಿಡದೆ ನೇರ ಸುಬ್ರಾಯ ಭಾವನ ಅಂಗಳಕ್ಕೆ ಬಿಟ್ಟೆ. ಜಗುಲಿಯವರೆಗೂ ಆ ಪರಿಮಳ ಬಂದಿತ್ತು. ಒಳಗೆ ಅವನ ಹೆಂಡತಿ ಭರಣಿಗೆ ಉಪ್ಪು ಹಾಕಿ ಬಾಯಿ ಕಟ್ಟುತ್ತಿದ್ದಳು. ಉಪ್ಪು ಬಿದ್ದ ಮಿಡಿಯನ್ನು ತೆಗೆದು ಕೊಡಿ ಎಂದು ಕೇಳುವುದು ನಮ್ಮ ಕಡೆ ಪದ್ಧತಿಯಲ್ಲ. ಭಾವನ ಮುಖ ಸಣ್ಣದಾಯಿತು.

"ಅವ ಯಂಗೆ ಫೋನ್ ಮಾಡಿದ್ದಕ್ಕೆ, ನಿಂಗಕ್ಕೆ ಮೊದಲೇ ಕೊಟ್ಟು ಉಳದ ಮಿಡಿ ಇದು ಹೇಳಿ ತಿಳ್ಕಂಡಿ," ಎಂದ. "ಗುಂಡಿ ರೇಂಜು ಯಾರಿಗೂ ಇಲ್ಲೆ ಹೇಳಿ ನೀನೇ ಹೇಳಿದ್ಯಲ. ಅದಕ್ಕೆ ಕೇಳಲೂ ಹೋಯ್ದಿಲ್ಲೆ."

ಅವನದು ತಪ್ಪೆನ್ನುವಂತಿರಲಿಲ್ಲ. ಅವನು ಮಾಡಿದ್ದು ನನ್ನ ಮಾತನ್ನು ನಂಬಿದ್ದು. ಇಡೀ ಕೇರಿಯಲ್ಲಿ ನನ್ನ ಮಾತನ್ನು ಪೂರ್ತಿ ನಂಬಿದವನು ಅವನೊಬ್ಬನೇ!

ಮನೆಗೆ ಬಂದೆ. ಶಾರದೆ ಗೊಬ್ಬರಗುಂಡಿಯ ಪಕ್ಕ ಮಣೆಯ ಮೇಲೇ ಇದ್ದಳು. ಫೋನು ನನ್ನ ಜೇಬಿನಲ್ಲಿದೆ, ಗಳ ಖಾಲಿಯಿದೆ, ಆದರೂ ಎದ್ದಿರಲಿಲ್ಲ. ನನ್ನ ಕೈ ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ. ಎಲ್ಲವನ್ನೂ ಹೇಳಿದೆ, ಸಮುದ್ರಮಟ್ಟವನ್ನು ಬಿಟ್ಟು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸಾಸಿವೆಯ ಗೆರಸಿ ಎತ್ತಿಕೊಂಡು, "ಊಟಕ್ಕೆ ಬನ್ನಿ, ತಣಿದು ಹೋತು," ಎಂದಳು. ನನಗೆ ಅಳು ಬರುವಂತಾಯಿತು. ಅಪರೂಪಕ್ಕೆ ಬಿಟ್ಟ ಮರ. ಇನ್ನು ಯಾವ ವರ್ಷವೋ ಏನೋ.

ಮಳೆಗಾಲ ಕಳೆದ ಮೇಲೆ ಸುಬ್ರಾಯ ಭಾವನ ಮನೆಯಲ್ಲಿ ಒಂದು ಪೂಜೆಯ ಊಟ. ಎಲೆಯ ತುದಿಗೆ ಮಿಡಿ ಬಡಿಸಿದರು. ಪುಟ್ಟದು, ತೊಟ್ಟು ಸಹಿತ, ಕೆಂಪಗೆ ಖಾರದಲ್ಲಿ ಮುಳುಗಿದ್ದು. ಅವನ ಹೆಂಡತಿ ಒಂದೊಂದೇ ಬಡಿಸುತ್ತ ಬಂದು ಶಾರದೆಯ ಎದುರು ನಿಂತಳು. ಹೊಳೆ ಮರದ ಮಿಡಿಯ ರುಚಿ ಗೊತ್ತಿರುವವಳು ಕೇರಿಯಲ್ಲಿ ಶಾರದೆ ಒಬ್ಬಳೇ ಎಂದು ಅವಳಿಗೆ ಗೊತ್ತಿತ್ತು. "ಹೆಂಗಾಜು ನೋಡೇ," ಎಂದಳು.

ಶಾರದೆ ಕಚ್ಚಿದಳು. ಕಣ್ಣು ಮುಚ್ಚಿದಳು. ಆ ಒಂದು ಗಳಿಗೆ ಅವಳು ಎಲ್ಲಿದ್ದಳು ಎಂದು ನನಗೆ ಗೊತ್ತು, ದೊಡ್ಮನೆಯ ಹೊಳೆದಂಡೆಯಲ್ಲಿ. ಆಮೇಲೆ ಕಣ್ಣು ಬಿಟ್ಟು, "ಅಡ್ಡಿಲ್ಲೆ," ಎಂದಳು. "ಉಪ್ಪು ಒಂದು ಚೂರು ಕಮ್ಮಿ ಆಜನ." ಹಾಗೆ ಹೇಳುತ್ತ ಮಿಡಿಯ ತೊಟ್ಟನ್ನೂ ಬಿಡದೆ ಚೀಪುತ್ತಿದ್ದಳು.

"ಹೌದಾ ಭಾವಯ್ಯ?" ಎಂದು ಅವನ ಹೆಂಡತಿ ನನ್ನ ಕಡೆ ತಿರುಗಿದಳು. ನಾನೂ ತಿಂದು ನೋಡಿದೆ. ಉಪ್ಪು ಎಷ್ಟು ಬೇಕೋ ಅಷ್ಟೇ ಇತ್ತು. ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಲ್ಲು ಕಡಿಮೆಯಿಲ್ಲ. ಎದುರು ಸಾಲಿನಲ್ಲಿ ಶಾರದೆ ನನ್ನನ್ನೇ ನೋಡುತ್ತಿದ್ದಳು.

"ಕಮ್ಮಿ ಆಜು," ಎಂದೆ.

ಆ ವರ್ಷ ನಾನು ಹೇಳಿದ ಅಳತೆಗಳಲ್ಲಿ ನಮ್ಮ ಮನೆಯವರು ಒಪ್ಪಿಕೊಂಡದ್ದು ಅದೊಂದನ್ನೇ.